ಕೋಲಿನ್ ಕ್ಲೋರೈಡ್ ದ್ರವಕ್ಕೆ ಯಾವ ಟ್ಯಾಂಕು? ಎಚ್‌ಡಿಪಿಇ, ಎಫ್‌ಆರ್‌ಪಿ, 316 ಎಲ್ ಸ್ಟೀಲು – ಒಂದು ಹೋಲಿಕೆ

ಮಂಡ್ಯದ ಕಡೆ ಹಳೆ ಟ್ಯಾಂಕಿಗೆ ಬರವಿಲ್ಲ. ಕಾಕಂಬಿ ತುಂಬಿಡುತ್ತಿದ್ದ ಕಬ್ಬಿಣದ್ದು ಸಿಗುತ್ತದೆ, ಹಾಲು ತಣ್ಣಗಿಡುತ್ತಿದ್ದ ಸ್ಟೀಲಿನದ್ದೂ ಸಿಗುತ್ತದೆ. ತೂಬಿನಕೆರೆಯಲ್ಲೋ ಸೋಮನಹಳ್ಳಿಯಲ್ಲೋ ನಂಜನಗೂಡಿನಲ್ಲೋ ಕೋಳಿ ಆಹಾರ, ಪಶು ಆಹಾರ ಅಥವಾ ವಿಟಮಿನ್ ಪ್ರೀಮಿಕ್ಸ್ ಘಟಕ ಇಟ್ಟುಕೊಂಡವರು ಕೋಲಿನ್ ಕ್ಲೋರೈಡನ್ನು ಪುಡಿಯ ಬದಲು ದ್ರವವಾಗಿ ತರಿಸಲು ಹೊರಟಾಗ ಕಣ್ಣು ಮೊದಲು ಬೀಳುವುದು ಇವುಗಳ ಮೇಲೇ. ಕಾಕಂಬಿಯನ್ನು ವರ್ಷಗಟ್ಟಲೆ ತಡೆದುಕೊಂಡ ಕಬ್ಬಿಣ ಇದನ್ನೂ ತಡೆದುಕೊಳ್ಳುತ್ತದೆ ಎಂಬುದು ಲೆಕ್ಕ. ಆ ಲೆಕ್ಕ ತಪ್ಪು. ಹಾಲಿನ ಟ್ಯಾಂಕಿನ ವಿಷಯದಲ್ಲೂ ತಪ್ಪು, ಆದರೆ ಬೇರೆ ಕಾರಣಕ್ಕೆ. ಹೋಲಿಸಿ ನೋಡಬೇಕಾದವು ಮೂರು: ಎಚ್‌ಡಿಪಿಇ (ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು), ಎಫ್‌ಆರ್‌ಪಿ (ರಾಳದಲ್ಲಿ ಕೂರಿಸಿದ ಗಾಜಿನ ನಾರು), 316 ಎಲ್ (ಮಾಲಿಬ್ಡಿನಮ್ ಎಂಬ ಲೋಹ ಬೆರೆಸಿದ ಸ್ಟೇನ್‌ಲೆಸ್ ಸ್ಟೀಲು).

ಮೊದಲು ಪದಾರ್ಥದ ಗುಣ ನೋಡೋಣ. ಕೋಲಿನ್ ದೇಹಕ್ಕೆ ಬೇಕೇ ಬೇಕಾದ ಪೋಷಕಾಂಶ, ಕೋಲಿನ್ ಕ್ಲೋರೈಡು ಅದರ ಲವಣ. ಮನುಷ್ಯರ ಆಹಾರದಲ್ಲಿ ಅದಕ್ಕೆ ದಿನದ ಪ್ರಮಾಣವನ್ನು ಅಮೆರಿಕದ ತಜ್ಞರ ಸಮಿತಿ ಗೊತ್ತುಮಾಡಿದ್ದು 1998ರಲ್ಲಿ: ಗಂಡಸರಿಗೆ 550 ಮಿ.ಗ್ರಾಂ., ಹೆಂಗಸರಿಗೆ 425. ಕೋಳಿ ಆಹಾರದಲ್ಲಿ ಅದಕ್ಕೂ ಮುಂಚಿನಿಂದ ಬಳಕೆಯಲ್ಲಿದೆ. ಮಾರುಕಟ್ಟೆಗೆ ಬರುವ ದ್ರವ ಸಾಮಾನ್ಯವಾಗಿ ಶೇ 75ರದ್ದು, ಉಳಿದದ್ದು ನೀರು. ಒಂದು ಲೀಟರು ಸುಮಾರು 1.1 ಕೆ.ಜಿ. ತೂಗುತ್ತದೆ. ಕೋಲಿನ್ ಕ್ಲೋರೈಡಿನ ತೂಕದಲ್ಲಿ ಕಾಲು ಭಾಗ ಕ್ಲೋರೈಡು, ಅಂದರೆ ಶೇ 75ರ ದ್ರವದಲ್ಲಿ ಶೇ 19ರಷ್ಟು. ಕಡಲ ನೀರಿನಲ್ಲಿ ಇರುವುದು ಶೇ 1.9. ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಟ್ಯಾಂಕಿನೊಳಗೇ ಕಡಲಿಗಿಂತ ಹತ್ತು ಪಟ್ಟು ಕ್ಲೋರೈಡು ಕೂತಿರುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ, ಟ್ಯಾಂಕು ಆರಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಗಟ್ಟಿ ದ್ರವದೊಳಗೆ ಪೂರ್ತಿ ಮುಳುಗಿರುವ ಸ್ಟೀಲಿಗೆ ಅಷ್ಟು ತೊಂದರೆಯಿಲ್ಲ, ಅಲ್ಲಿ ಬಿಡುವಾಗಿರುವ ನೀರೂ ಕಡಿಮೆ, ಆಮ್ಲಜನಕವೂ ಕಡಿಮೆ. ಹಾಳಾಗುವುದು ದ್ರವ ತೆಳುವಾಗುವ ಕಡೆ. ಕೋಲಿನ್ ಕ್ಲೋರೈಡು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಉಸಿರುಕೊಳವೆಯಿಂದ ತೇವದ ಗಾಳಿ ಒಳಗೆ ಹೋಗುತ್ತದೆ, ರಾತ್ರಿ ಚಾವಣಿಯ ಒಳಮೈ ತಣ್ಣಗಾದಾಗ ಹನಿಗಟ್ಟುತ್ತದೆ, ಆ ಹನಿ ಗೋಡೆಗುಂಟ ಇಳಿದು ದ್ರವದ ಅಂಚಿಗೆ ಸೇರುತ್ತದೆ. ಅಲ್ಲಿ ತೆಳುವಾದ ಕ್ಲೋರೈಡು, ಬೇಕಾದಷ್ಟು ಗಾಳಿ, ಒಣಗಿ ಮತ್ತೆ ನೆನೆಯುವ ಗೋಡೆ, ಮೂರೂ ಕೂಡುತ್ತವೆ. ತೂತು ಬಿದ್ದ ಟ್ಯಾಂಕನ್ನು ಬಿಚ್ಚಿ ನೋಡಿದರೆ ತಳಕ್ಕಿಂತ ಮೊದಲು ಈ ಪಟ್ಟಿಯಲ್ಲಿ, ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ, ಫ್ಲಾಂಜಿನ ಸಂದಿನಲ್ಲಿ ಹುಡುಕಬೇಕು.

ಹಾಗಾಗಿ ‘ಈ ದ್ರವಕ್ಕೆ ಈ ಲೋಹ ಸರಿ’ ಎಂದು ಸರಬರಾಜುದಾರರ ಹಾಳೆಯಲ್ಲಿ ಬರೆದಿದ್ದರೆ ಅದು ಅರ್ಧ ಉತ್ತರ. ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ, ಶಾಖ ಎಲ್ಲಿಂದ ಬರುತ್ತದೆ ಎಂಬುದು ಉಳಿದರ್ಧ.

ಟ್ಯಾಂಕು ಬೇಕೇ ಎಂಬ ಲೆಕ್ಕ

ಕೋಳಿ ಆಹಾರಕ್ಕೆ ಶೇ 60ರ ಪುಡಿಯನ್ನು ಟನ್ನಿಗೆ 1 ಕೆ.ಜಿ. ಹಾಕುತ್ತಿದ್ದೀರಿ ಎಂದುಕೊಳ್ಳಿ. ಅದೇ ಕೋಲಿನ್ ಶೇ 75ರ ದ್ರವದಲ್ಲಿ 0.8 ಕೆ.ಜಿ.ಗೆ ಸಿಗುತ್ತದೆ. ದಿನಕ್ಕೆ 20 ಟನ್ ಆಹಾರ ಮಾಡುವವರಿಗೆ ಬೇಕಾಗುವುದು 16 ಕೆ.ಜಿ. ಸಾವಿರ ಲೀಟರಿನ, ಕಬ್ಬಿಣದ ಪಂಜರದೊಳಗೆ ಕೂತ ಐಬಿಸಿ ಟ್ಯಾಂಕಿನಲ್ಲಿ 1,100 ಕೆ.ಜಿ. ಹಿಡಿಯುತ್ತದೆ, 68 ಕೆಲಸದ ದಿನಕ್ಕೆ ಸಾಕು. ಇವರು ಟ್ಯಾಂಕು ಕಟ್ಟಿಸುವ ಮಾತೇ ಬೇಡ. ಎರಡು ಐಬಿಸಿ ನೆರಳಲ್ಲಿಟ್ಟು, ಒಂದು ಖಾಲಿಯಾದಂತೆ ಇನ್ನೊಂದನ್ನು ತರಿಸಿಕೊಂಡರೆ ಆಯಿತು. ದಿನಕ್ಕೆ 5 ಟನ್ನಿಗಿಂತ ಕಡಿಮೆ ಮಾಡುವವರು ಪುಡಿಯ ಚೀಲದಲ್ಲೇ ಇರುವುದು ವಾಸಿ. ಒಡೆದ ಚೀಲದ ಬಾಯಿ ಕಟ್ಟಿಡದಿದ್ದರೆ ಜುಲೈ ತಿಂಗಳಲ್ಲಿ ಪುಡಿ ಹೆಂಟೆಯಾಗುತ್ತದೆ, ಅಷ್ಟೇ ಕಷ್ಟ.

ದಿನಕ್ಕೆ 100 ಟನ್ನಿನ ಘಟಕಕ್ಕೆ 80 ಕೆ.ಜಿ. ಬೇಕು. 5,000 ಲೀಟರಿನ ಟ್ಯಾಂಕು ಎರಡು ತಿಂಗಳ ಮೇಲೆ ಬರುತ್ತದೆ. ಆದರೆ ಟ್ಯಾಂಕಿನ ಗಾತ್ರ ನಿರ್ಧರಿಸುವುದು ನಿಮ್ಮ ಬಳಕೆಯಲ್ಲ, ಬರುವ ಲಾರಿ. ಟ್ಯಾಂಕರಿನಲ್ಲಿ 18 ಟನ್ ತರಿಸಿದರೆ ಅದು 16,400 ಲೀಟರು. ತಳದಲ್ಲಿ ಉಳಿದಿರುವ ಹಳೆಯದು, ಮೇಲೆ ಬಿಡಬೇಕಾದ ಶೇ 10ರ ಖಾಲಿ ಜಾಗ ಸೇರಿಸಿದರೆ 20,000 ಲೀಟರಿನ ಟ್ಯಾಂಕೇ ಬೇಕು. ಇದನ್ನು ಮರೆತು ಚಿಕ್ಕ ಟ್ಯಾಂಕು ಕಟ್ಟಿಸಿದರೆ ಟ್ಯಾಂಕರು ಗೇಟಿನ ಹತ್ತಿರ ಅರ್ಧ ಲೋಡು ಇಟ್ಟುಕೊಂಡು ನಿಲ್ಲುತ್ತದೆ.

ಪಟ್ಟಿಯಿಂದ ಮೊದಲೇ ತೆಗೆಯಬೇಕಾದವು

ಸಾದಾ ಕಬ್ಬಿಣ ಬೇಡ. ತುಕ್ಕು ಕರಗಿ ದ್ರವ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಕಬ್ಬಿಣದ ಅಂಶ ಮುಂದೆ ಮಿಶ್ರಣದಲ್ಲಿರುವ ವಿಟಮಿನ್‌ಗಳು ಬೇಗ ಕೆಡುವಂತೆ ಮಾಡುತ್ತದೆ. ಒಳಗೆ ಎಪಾಕ್ಸಿ ಬಳಿದ ಕಾಕಂಬಿ ಟ್ಯಾಂಕು ಇನ್ನೂ ಮೋಸ. ಬಣ್ಣದಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಸವೆತವೆಲ್ಲ ಆ ಒಂದು ಬಿಂದುವಿನಲ್ಲೇ ನಡೆದು ತಗಡು ತೂತಾಗುತ್ತದೆ. ಬಣ್ಣವೇ ಇಲ್ಲದ ಟ್ಯಾಂಕು ಇಷ್ಟು ಬೇಗ ಸೋರುವುದಿಲ್ಲ. ಸತು ಲೇಪಿಸಿದ ಜಿಐ, ಅಲ್ಯೂಮಿನಿಯಂ ಎರಡೂ ಕರಗುತ್ತವೆ. ಹಿತ್ತಾಳೆಯ ಬಾಲ್ ವಾಲ್ವ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಹಾಕುವವರಿದ್ದಾರೆ. ಈ ದ್ರವದಿಂದ ಸ್ವಲ್ಪ ಸ್ವಲ್ಪವೇ ಏಳುವ, ಮೀನಿನ ವಾಸನೆಯ ಟ್ರೈಮೀಥೈಲ್ ಅಮೀನ್ ಅನಿಲ ತಾಮ್ರದ ಮಿಶ್ರಲೋಹಕ್ಕೆ ಶತ್ರು. ಒಂದು ದಿನ ವಾಲ್ವಿನ ಮೈ ಬಿರುಕು ಬಿಡುತ್ತದೆ.

ಹಾಲಿನ ಟ್ಯಾಂಕು ಸಾಮಾನ್ಯವಾಗಿ 304 ಸ್ಟೀಲಿನದ್ದು. ಹಾಲಿಗೆ ಅದು ಚೆನ್ನಾಗಿದೆ. ಆದರೆ ಸಾಮಾನ್ಯ ಉಷ್ಣತೆಯ ನೀರಿನಲ್ಲಿ 304ಕ್ಕೆ ಲೀಟರಿಗೆ 200 ಮಿ.ಗ್ರಾಂ. ಕ್ಲೋರೈಡು ದಾಟಬಾರದು, 316ಕ್ಕೆ ಸುಮಾರು 1,000 ಎಂಬುದು ಕಾರ್ಖಾನೆಗಳು ಇಟ್ಟುಕೊಂಡಿರುವ ಅಂದಾಜು. ನಮ್ಮ ದ್ರವ ತೆಳುವಾದ ಜಾಗದಲ್ಲಿ ಎರಡನ್ನೂ ಎಷ್ಟೋ ಮೀರುತ್ತದೆ. 316 ಉಳಿದುಕೊಳ್ಳುವುದು ಅದರ ಮಾಲಿಬ್ಡಿನಮ್ಮಿನಿಂದ ಮತ್ತು ಮುಂದೆ ಹೇಳುವ ಜೋಪಾನದಿಂದ. 304ಕ್ಕೆ ಆ ಬೆಂಬಲವೂ ಇಲ್ಲ.

ಎಚ್‌ಡಿಪಿಇ: ಅಗ್ಗ, ಆದರೆ ನೆರಳು ಬೇಕು

ಪಾಲಿಎಥಿಲೀನಿಗೆ ಕ್ಲೋರೈಡು ಏನೂ ಮಾಡುವುದಿಲ್ಲ. ತೇವವಾಗಲಿ, ತೆಳುವಾಗಲಿ, ಅಮೀನ್ ಆಗಲಿ ಅದಕ್ಕೆ ಲೆಕ್ಕಕ್ಕಿಲ್ಲ. 5,000ದಿಂದ 10,000 ಲೀಟರಿನವರೆಗೆ, ಆಹಾರ ಮತ್ತು ಫೀಡ್ ಘಟಕಗಳಿಗೆ, ಮೊದಲ ಆಯ್ಕೆ ಇದೇ. ಕೆಡುವುದು ಶಾಖದಿಂದ, ಬಿಸಿಲಿನಿಂದ ಮತ್ತು ಕೊಳವೆ ಜೋಡಿಸಿದ ರೀತಿಯಿಂದ.

ಮೊದಲ ತಪ್ಪು: ಮನೆಯ ತಾರಸಿಗೆ ಏರಿಸುವ ಟ್ಯಾಂಕನ್ನೇ ತರುವುದು. ಐಎಸ್ (ಭಾರತೀಯ ಮಾನಕ) 12701ರ ಗುರುತಿರುವ ಟ್ಯಾಂಕು ನೀರಿಗಾಗಿ ಮಾಡಿದ್ದು. ನಮ್ಮ ದ್ರವ ನೀರಿಗಿಂತ ಶೇ 10 ಭಾರ, ಮೇಲಾಗಿ ವರ್ಷಪೂರ್ತಿ ತುಂಬಿಯೇ ಇರುತ್ತದೆ. ಮೂರ್ನಾಲ್ಕು ಬೇಸಗೆಯಲ್ಲಿ ಹೊಟ್ಟೆ ಉಬ್ಬುತ್ತದೆ. ಆರ್ಡರ್ ಕೊಡುವಾಗ ರಾಸಾಯನಿಕ ದರ್ಜೆಯ ಟ್ಯಾಂಕು, 1.5 ಸಾಪೇಕ್ಷ ಸಾಂದ್ರತೆಗೆ ಲೆಕ್ಕ ಹಾಕಿದ ಗೋಡೆ ಎಂದು ಬರೆದೇ ಕೊಡಬೇಕು. ಅದೇ ಕಾಗದದಲ್ಲಿ ಆಹಾರ ಸಂಪರ್ಕಕ್ಕೆ ಐಎಸ್ 10146ರ ಪ್ರಮಾಣಪತ್ರವನ್ನೂ ಕೇಳಿ.

ಕಪ್ಪು ಟ್ಯಾಂಕಿನಲ್ಲಿ ಶೇ 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಇರುತ್ತದೆ, ಬಿಸಿಲಿನ ನೇರಳಾತೀತ ಕಿರಣ ಅದನ್ನು ಸುಲಭಕ್ಕೆ ಒಡೆಯಲಾರದು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಮೈ ಮುಟ್ಟಲಾಗದಷ್ಟು ಕಾಯುತ್ತದೆ. ಪಾಲಿಎಥಿಲೀನ್ 50 ಡಿಗ್ರಿ ಮುಟ್ಟುವ ಹೊತ್ತಿಗೆ ಬಿಗಿತದ ದೊಡ್ಡ ಪಾಲು ಕಳೆದುಕೊಂಡಿರುತ್ತದೆ. ದ್ರವ ಬಿಸಿಯಾದಷ್ಟೂ ಮೀನಿನ ವಾಸನೆಯೂ ಹೆಚ್ಚು. ಆದ್ದರಿಂದ ಮೇಲೆ ಶೀಟು, ಪಶ್ಚಿಮಕ್ಕೆ ಅಡ್ಡಗೋಡೆ. ಇದು ಟ್ಯಾಂಕಿನ ಬೆಲೆಯೊಳಗೇ ಸೇರಿದ ಖರ್ಚು, ಆಮೇಲೆ ನೋಡೋಣ ಎನ್ನುವಂಥದ್ದಲ್ಲ.

ಸೋರಿಕೆ ಶುರುವಾಗುವುದು ಹೆಚ್ಚಾಗಿ ತಳದ ಕೊಳವೆಯಲ್ಲಿ. 2.5 ಮೀಟರ್ ಎತ್ತರದ ಪಾಲಿಎಥಿಲೀನ್ ಗೋಡೆ ರಾತ್ರಿ-ಹಗಲಿನ 20 ಡಿಗ್ರಿ ವ್ಯತ್ಯಾಸಕ್ಕೆ 8ರಿಂದ 10 ಮಿ.ಮೀ. ಬೆಳೆದು ಕುಗ್ಗುತ್ತದೆ. ತುಂಬಿದಾಗ ಹೊಟ್ಟೆಯೂ ಹೊರಗೆ ಬರುತ್ತದೆ. ಅದಕ್ಕೆ ಗಟ್ಟಿಯಾದ ಸ್ಟೀಲು ಪೈಪು ಬಿಗಿದು, ಪೈಪನ್ನು ಗೋಡೆಗೆ ಕ್ಲಾಂಪು ಹಾಕಿದರೆ ಪ್ರತಿದಿನ ಆ ಜೋಡಣೆಯನ್ನು ಹಿಡಿದು ಅಲ್ಲಾಡಿಸಿದ ಹಾಗೆ. ಟ್ಯಾಂಕಿನ ವಾಲ್ವ್ ಆದ ಕೂಡಲೇ ಒಂದು ಅಡಿ ಹೋಸು ಅಥವಾ ರಬ್ಬರ್ ಬೆಲ್ಲೋಸ್ ಬರಬೇಕು. ಗ್ಯಾಸ್ಕೆಟ್ಟು ಇಪಿಡಿಎಂ ರಬ್ಬರಿನದ್ದಿರಲಿ. ವೈಟಾನ್ ರಬ್ಬರು ದುಬಾರಿಯಾದ್ದರಿಂದ ಒಳ್ಳೆಯದು ಎಂದು ಹಾಕಿಸಬೇಡಿ, ಅಮೀನ್ ಅದನ್ನು ತಿನ್ನುತ್ತದೆ.

ಬುಡ ಪೂರ್ತಿ ಸಮತಟ್ಟಾದ ಕಾಂಕ್ರೀಟಿನ ಮೇಲೆ ಕೂರಬೇಕು. ಕೋನಾಂಗಲಿನ ಸ್ಟ್ಯಾಂಡು ಬೇಡ. ಕೂರಿಸುವ ಮುಂಚೆ ಪೀಠವನ್ನು ಗುಡಿಸಿ, ಕೈಯಾಡಿಸಿ ನೋಡಿ. ಐದೂವರೆ ಟನ್ನಿನ ಕೆಳಗೆ ಸಿಕ್ಕಿಕೊಂಡ ಒಂದು ಜಲ್ಲಿಕಲ್ಲು ಸಾಕು. ಬಿಳಿ ಟ್ಯಾಂಕಾದರೆ ವರ್ಷಕ್ಕೊಮ್ಮೆ ಕೊಳವೆಯ ಸುತ್ತ ಮಾರ್ಕರ್ ಇಂಕು ಹಚ್ಚಿ ಬಟ್ಟೆಯಿಂದ ಒರೆಸಿ. ಕೂದಲಿನಂಥ ಬಿರುಕಿದ್ದರೆ ಇಂಕು ಅದರೊಳಗೆ ಉಳಿದು ಜೇಡರ ಬಲೆಯಂತೆ ಕಾಣುತ್ತದೆ. ಕಂಡರೆ ಬೆಸುಗೆ ಹಾಕಿಸಲು ಹೋಗದೆ ಟ್ಯಾಂಕು ಬದಲಿಸಿ. ಎಂಟು-ಹತ್ತು ವರ್ಷಕ್ಕೆ ಹೇಗೂ ಬದಲಿಸುವುದೇ.

ಎಫ್‌ಆರ್‌ಪಿ: ರಾಳವೇ ಎಲ್ಲ

ಗಾಜಿನ ನಾರಿನ ಟ್ಯಾಂಕನ್ನು ಕೊಳ್ಳುವಾಗ ಜನ ದಪ್ಪ ಕೇಳುತ್ತಾರೆ. ಕೇಳಬೇಕಾದ್ದು ಒಳಪದರ ಯಾವ ರಾಳದ್ದು ಎಂದು. ಸಾಮಾನ್ಯ ಪಾಲಿಯೆಸ್ಟರ್ ರಾಳ ದೋಣಿಗೆ, ಬಾಗಿಲಿಗೆ ಸರಿ. ಇಲ್ಲಿ ವಿನೈಲ್ ಎಸ್ಟರ್ ಬೇಕು. ದ್ರವ ತಾಗುವ ಮೊದಲ ಅರ್ಧ ಮಿ.ಮೀ. ತೆಳು ಗಾಜಿನ ಮುಸುಕು, ಅದರಲ್ಲಿ ಶೇ 90ರಷ್ಟು ರಾಳವೇ. ಅದರ ಹಿಂದೆ ಎರಡು-ಎರಡೂವರೆ ಮಿ.ಮೀ. ಕತ್ತರಿಸಿದ ನಾರಿನ ಪದರ. ಭಾರ ಹೊರುವ ಪದರ ಇವೆರಡರ ಹಿಂದೆ ಬರುತ್ತದೆ. ಮುಂದಿನ ಎರಡು ಪದರಗಳನ್ನು ಬಿಟ್ಟು ಬರೀ ದಪ್ಪ ಹೆಚ್ಚಿಸಿದ ಟ್ಯಾಂಕಿನಲ್ಲಿ ದ್ರವ ನಾರಿನ ತುದಿ ಹಿಡಿದು ಬತ್ತಿಯೊಳಗೆ ಎಣ್ಣೆ ಏರುವ ಹಾಗೆ ಗೋಡೆಯೊಳಕ್ಕೆ ಹೋಗುತ್ತದೆ, ಹೊರಗೆ ಗುಳ್ಳೆ ಏಳುತ್ತದೆ.

ಒಳಪದರಕ್ಕೆ ಬಣ್ಣ ಹಾಕಲು ಬಿಡಬೇಡಿ. ಬಣ್ಣವಿಲ್ಲದಿದ್ದರೆ ಒಳಗೆ ಬಲ್ಬು ಇಟ್ಟು ಹೊರಗಿನಿಂದ ನೋಡಿದಾಗ ಗಾಳಿಗುಳ್ಳೆ, ಒಣಗಿದ ನಾರು ಎಲ್ಲ ಕಾಣುತ್ತವೆ. ತಯಾರಕರ ಶೆಡ್ಡಿಗೇ ಹೋಗಿ ಮೂರು ಪರೀಕ್ಷೆ ಮಾಡಿಸಬಹುದು. ಬಾರ್ಕೋಲ್ ಗಡಸುತನ ರಾಳದ ಕಂಪನಿ ಹೇಳಿದ ಅಂಕಿಯ ಶೇ 90 ಮುಟ್ಟಿರಬೇಕು. ಅಸಿಟೋನಿನಲ್ಲಿ ನೆನೆಸಿದ ಹತ್ತಿ ಉಜ್ಜಿ, ಆರಿದ ಮೇಲೆ ಬೆರಳಿಟ್ಟರೆ ಅಂಟಬಾರದು. ಅಂಟಿದರೆ ರಾಳ ಇನ್ನೂ ಪಕ್ವವಾಗಿಲ್ಲ. ಮೂರನೆಯದಕ್ಕೆ ಮೂಗೇ ಸಾಕು: ಮ್ಯಾನ್‌ಹೋಲ್ ತೆರೆದು ವಾಸನೆ ನೋಡಿ. ಪ್ಲಾಸ್ಟಿಕ್ ಅಂಟಿನ ಘಾಟು ಬಂದರೆ ಅದು ರಾಳದಲ್ಲಿ ಉಳಿದ ಸ್ಟೈರೀನ್, ನಿಮ್ಮ ಪದಾರ್ಥಕ್ಕೆ ಇಳಿಯುತ್ತದೆ. ಬಿಸಿಗಾಳಿಯಲ್ಲಿ 80 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ಬಿಸಿನೀರು ತುಂಬಿಸಿ ಚೆಲ್ಲಿದರೆ ಹೋಗುತ್ತದೆ. ಇದನ್ನು ತಯಾರಕರೇ ಮಾಡಿಕೊಡಬೇಕು, ಬೆಲೆ ಮಾತಾಡುವಾಗಲೇ ಹೇಳಿ.

20,000 ಲೀಟರು ಮತ್ತು ಮೇಲಕ್ಕೆ, ಬಯಲಿನಲ್ಲಿ ನಿಲ್ಲಿಸಬೇಕಾದ ಫೀಡ್ ಘಟಕಕ್ಕೆ ಎಫ್‌ಆರ್‌ಪಿ ಸ್ಟೀಲಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಒಂದೇ ಷರತ್ತು, ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ಇಡಬಾರದು. ಹೊರಗಿನಿಂದ ಬಿದ್ದ ಗುದ್ದು ಹೊರಮೈಯಲ್ಲಿ ಗುರುತೇ ಬಿಡದೆ ಒಳಪದರದಲ್ಲಿ ನಕ್ಷತ್ರದಂತೆ ಬಿರುಕು ಬಿಡಿಸುತ್ತದೆ.

316 ಎಲ್: ಒಳ್ಳೆಯದು, ಆದರೆ ಕೆಡಿಸುವುದೂ ಸುಲಭ

ಮನುಷ್ಯರು ಸೇವಿಸುವ ಪೂರಕ ಆಹಾರ ತಯಾರಿಸುವವರು, ಅಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿಯಡಿ ಕೆಲಸ ಮಾಡುವವರು, ಕೊನೆಗೆ ಇಲ್ಲಿಗೇ ಬರುತ್ತಾರೆ. ಕಾರಣ ಸವೆತವಲ್ಲ, ಶುಚಿ. ಪ್ಲಾಸ್ಟಿಕ್ಕಿನ ಗೀರಿನಲ್ಲಿ ಕೂತ ಕೊಳೆ ಹೋಗುವುದಿಲ್ಲ, 0.8 ಮೈಕ್ರಾನಿಗಿಂತ ನಯವಾಗಿ ಉಜ್ಜಿದ ಸ್ಟೀಲನ್ನು ತೊಳೆದದ್ದು ತೊಳೆದ ಹಾಗೆ ಕಾಣುತ್ತದೆ. ಪ್ಲಾಸ್ಟಿಕ್ ಬಳಸುವುದಾದರೆ ಅದರಿಂದ ಆಹಾರಕ್ಕೆ ಇಳಿಯುವ ಒಟ್ಟು ಅಂಶ ಕೆ.ಜಿ.ಗೆ 60 ಮಿ.ಗ್ರಾಂ. ಮೀರಬಾರದೆಂಬ ನಿಯಮವಿದೆ, ಅದರ ವರದಿ ಇಟ್ಟುಕೊಳ್ಳಬೇಕು. ಸ್ಟೀಲಿಗೆ ಆ ತಾಪತ್ರಯವಿಲ್ಲ.

ಬೆಲೆಯನ್ನು ತೂಕದಿಂದ ಲೆಕ್ಕ ಹಾಕಿ. 1.6 ಮೀಟರ್ ಅಗಲ, 2.5 ಮೀಟರ್ ಎತ್ತರದ ಟ್ಯಾಂಕು 5,000 ಲೀಟರು ಹಿಡಿಯುತ್ತದೆ. ತಳ, ಮುಚ್ಚಳ ಸೇರಿ ಸುಮಾರು 17 ಚದರ ಮೀಟರ್ ತಗಡು. 4 ಮಿ.ಮೀ. ಸ್ಟೀಲು ಚದರ ಮೀಟರಿಗೆ 32 ಕೆ.ಜಿ., ಒಟ್ಟು 544 ಕೆ.ಜಿ. ಅಂದಿನ ದರದಿಂದ ಗುಣಿಸಿದರೆ ಬರೀ ತಗಡಿನ ಬೆಲೆ ಬರುತ್ತದೆ. ಫ್ಯಾಬ್ರಿಕೇಟರ್ ಹೇಳಿದ ಇಡೀ ಟ್ಯಾಂಕಿನ ಬೆಲೆ ಅದಕ್ಕಿಂತಲೂ ಕಡಿಮೆಯಿದ್ದರೆ ಅದು 316 ಎಲ್ ಅಲ್ಲ.

ಅಯಸ್ಕಾಂತ ಹಿಡಿದು ನೋಡುವುದು ಇಲ್ಲಿ ಕೆಲಸಕ್ಕೆ ಬಾರದು. 316, 304, ಮ್ಯಾಂಗನೀಸ್ ಜಾಸ್ತಿ ಹಾಕಿದ 202, ಮೂರೂ ಅದಕ್ಕೆ ಅಂಟುವುದಿಲ್ಲ. ಮಾಲಿಬ್ಡಿನಮ್ ಪತ್ತೆಯ ಚಿಕ್ಕ ಕಿಟ್ಟು ಸಿಗುತ್ತದೆ, ಒಂದು ಹನಿ ಹಾಕಿ ಬ್ಯಾಟರಿ ಮುಟ್ಟಿಸಿದರೆ ಮಾಲಿಬ್ಡಿನಮ್ ಇದ್ದ ಕಡೆ ಬಣ್ಣ ಬದಲಾಗುತ್ತದೆ. ಇನ್ನೂ ಖಚಿತ ಬೇಕಾದರೆ ಎಕ್ಸ್‌ರೇ ಗನ್ ಇರುವ ಲ್ಯಾಬಿನವರನ್ನು ಕರೆಸಿ. ಮಾಲಿಬ್ಡಿನಮ್ ಶೇ 2ರಿಂದ 3ರ ನಡುವೆ ತೋರಿಸಬೇಕು. ತಗಡಿನ ಜೊತೆಗೆ ವೆಲ್ಡಿಂಗ್ ಗೆರೆಯನ್ನೂ, ಫ್ಲಾಂಜನ್ನೂ ನೋಡಿಸಿ. ತಗಡು 316, ವೆಲ್ಡಿಂಗ್ ಕಡ್ಡಿ ಮಾಲಿಬ್ಡಿನಮ್ ಇಲ್ಲದ 308 ಆದರೆ ದುಡ್ಡು ನೀರಿಗೆ ಹಾಕಿದಂತೆ.

ಬೆಸುಗೆಯ ಎರಡೂ ಬದಿಗೆ ನೀಲಿ-ಕಂದು ಬಣ್ಣದ ಸುಟ್ಟ ಪಟ್ಟಿ ಉಳಿದಿರುತ್ತದೆ. ನೋಡಲು ನವಿಲುಗರಿಯ ಹಾಗೆ ಚೆಂದ, ಆದರೆ ಅಲ್ಲಿ ಕ್ರೋಮಿಯಂ ಕಾವಲು ಇಲ್ಲ. ಪಿಕ್ಲಿಂಗ್ ಪೇಸ್ಟ್ ಹಚ್ಚಿ, ಪೂರ್ತಿ ಬೆಳ್ಳಗಾಗುವವರೆಗೆ ತೆಗೆದು, ತೊಳೆದು, ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ಪ್ಯಾಸಿವೇಟ್ ಮಾಡಿಸಬೇಕು, ಅಂದರೆ ಆ ಕಾವಲು ಪದರ ಮತ್ತೆ ಕಟ್ಟುವಂತೆ ಮಾಡಬೇಕು. ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿದೆ, ಕೈಗವಸು, ಮುಖದ ಗುರಾಣಿ ಇಲ್ಲದೆ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಒಳಗೆ ಗಾಳಿ ಊದುವ ಫ್ಯಾನು ಓಡುತ್ತಿರಲಿ, ಹೊರಗೆ ಒಬ್ಬರು ಕಾಯುತ್ತಿರಲಿ. ಕಬ್ಬಿಣದ ತಂತಿ ಬ್ರಷ್ಷಿನಿಂದ ಉಜ್ಜಿ ಹೊಳಪು ಬರಿಸಿದ್ದು ಪಿಕ್ಲಿಂಗ್ ಅಲ್ಲ, ಕಬ್ಬಿಣದ ಕಣ ಒತ್ತಿ ಕೂರಿಸಿದ್ದು.

ಇನ್ನು ಈ ಸೀಮೆಯಲ್ಲೇ ಹೆಚ್ಚಾಗಿ ಆಗುವ ಎಡವಟ್ಟು. ಟ್ಯಾಂಕು ಸೋರುತ್ತದೆಯೇ ನೋಡಲು ನೀರು ತುಂಬಿಸುತ್ತಾರೆ. ಹತ್ತಿರದ್ದು ಬೋರ್‌ವೆಲ್. ತುಂಬಿಸಿ, ಪರೀಕ್ಷೆ ಮುಗಿಸಿ, ಪೂರ್ತಿ ಬಸಿಯದೆ ತಳದಲ್ಲಿ ಎರಡು ಇಂಚು ಬಿಟ್ಟು, ವಿದ್ಯುತ್ ಸಂಪರ್ಕ ಬರಲೆಂದು ಎರಡು ತಿಂಗಳು ಕಾಯುತ್ತಾರೆ. ಕೋಲಿನ್ ಬರುವ ಮುಂಚೆಯೇ ಬೆಸುಗೆಯ ಪಕ್ಕ ಗುಳಿ ಬಿದ್ದಿರುತ್ತದೆ, ದೂರು ಮಾತ್ರ ಕೋಲಿನ್ ಮೇಲೆ. ಕುಡಿಯುವ ನೀರಿಗೆ ಐಎಸ್ 10500 ಒಪ್ಪುವ ಕ್ಲೋರೈಡು ಲೀಟರಿಗೆ 250 ಮಿ.ಗ್ರಾಂ.; ಸ್ಟೀಲು ಟ್ಯಾಂಕಿನ ಪರೀಕ್ಷೆಗೆ 50ಕ್ಕಿಂತ ಕಡಿಮೆ ಇರಲಿ. ಕುಡಿಯಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಟ್ಯಾಂಕಿಗೆ ಚೆನ್ನಾಗಿದೆ ಎಂದಲ್ಲ. ಟಿಡಿಎಸ್ ಮೀಟರ್ ಕ್ಲೋರೈಡು ಹೇಳುವುದಿಲ್ಲ, ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿಸಿ, ಇಲ್ಲವೇ ಆರ್‌ಓ ನೀರು ತುಂಬಿಸಿ. ಅದೇ ದಿನ ಬಸಿದು, ಒಣಬಟ್ಟೆಯಿಂದ ಒರೆಸಿ, ಬಿಸಿಗಾಳಿ ಊದಿ.

ಕಾಯಿಸುವ ಸುರುಳಿ ಬೇಡವೇ ಬೇಡ. ಈ ದ್ರವ ಮೈಸೂರಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಪಂಪಿಗೂ ಹಗುರ. 60 ಡಿಗ್ರಿ ಸಮೀಪಿಸಿದರೆ 316ರಲ್ಲೂ ಒತ್ತಡದ ಬಿರುಕು ಹುಟ್ಟುತ್ತದೆ. ಲೋಡು ಬಂದಾಗ ಪಿಎಚ್ ನೋಡಿ. 6ಕ್ಕಿಂತ ಕೆಳಗಿದ್ದರೆ ಸ್ಟೀಲು ಟ್ಯಾಂಕಿಗೆ ಇಳಿಸಬೇಡಿ.

ಯಾವ ಟ್ಯಾಂಕಾದರೂ ತಪ್ಪದ್ದು

ಉಸಿರುಕೊಳವೆಗೆ ಸಿಲಿಕಾ ಜೆಲ್ಲಿನ ಡಬ್ಬಿ ಕೂರಿಸಿ, ಬಣ್ಣ ಬದಲಾದಾಗ ಜೆಲ್ ಬದಲಿಸಿ. ಟ್ಯಾಂಕರಿನಿಂದ ರಭಸವಾಗಿ ತುಂಬುವಾಗ ಡಬ್ಬಿ ಕಟ್ಟಿಕೊಂಡರೆ ಟ್ಯಾಂಕಿಗೇ ಅಪಾಯ. ಅದಕ್ಕೆ ಪಕ್ಕದಲ್ಲಿ ದೊಡ್ಡ ತೂತಿನ ಇನ್ನೊಂದು ಮಾರ್ಗವಿದ್ದು, ತುಂಬುವ ಮುಂಚೆ ಅದನ್ನು ತೆರೆಯುವ ಅಭ್ಯಾಸವಾಗಲಿ.

ತೊಳೆಯುವಾಗ ಮೊದಲು ಬರೀ ನೀರು, ಕೋಲಿನ್ ಪೂರ್ತಿ ಹೋಗುವವರೆಗೆ. ಕೋಲಿನ್ ಉಳಿದಿರುವಾಗಲೇ ಕಾಸ್ಟಿಕ್ ಬಿಟ್ಟರೆ ಮೀನು ಮಾರ್ಕೆಟ್ಟು ಎದ್ದು ಬಂದಂತೆ ವಾಸನೆ ಹೊಡೆಯುತ್ತದೆ, ಅಕ್ಕಪಕ್ಕದ ಘಟಕದವರು ಬಂದು ವಿಚಾರಿಸುತ್ತಾರೆ. ಬ್ಲೀಚಿಂಗ್ ದ್ರಾವಣ ಸ್ಟೀಲಿಗೂ ಬೇಡ, ಕೋಲಿನ್ ಜೊತೆಗೂ ಬೇಡ. ಶೇ 75ರಲ್ಲಿ ಸೂಕ್ಷ್ಮಾಣು ಬೆಳೆಯದು, ತೊಳೆದ ತೆಳು ನೀರು ಕೊಳವೆಯ ತಗ್ಗಿನಲ್ಲಿ ಉಳಿದರೆ ಅಲ್ಲಿ ಬೆಳೆಯುತ್ತದೆ. ಪೈಪುಗಳಿಗೆ ಇಳಿಜಾರು ಕೊಡುವುದು ಅದಕ್ಕೇ.

ನೆಲಕ್ಕೆ ಚೆಲ್ಲಿದ ಕೋಲಿನ್ ಒಣಗುವುದಿಲ್ಲ. ಗಾಳಿಯ ತೇವ ಹೀರಿ ಮಳೆಗಾಲವಿಡೀ ಜಿಡ್ಡುಜಿಡ್ಡಾಗಿ ನಿಂತು, ಕಾಂಕ್ರೀಟಿಗಿಳಿದು, ಒಳಗಿನ ಕಂಬಿ ತಿನ್ನುತ್ತದೆ. ಟ್ಯಾಂಕಿನ ಸುತ್ತ ಅದರ ಶೇ 110ರಷ್ಟು ಹಿಡಿಯುವ ಕಟ್ಟೆ ಕಟ್ಟಿ, ಒಳಗೆ ಎಪಾಕ್ಸಿ ಬಳಿಸಿ. ಎಚ್‌ಡಿಪಿಇ ಟ್ಯಾಂಕಿಟ್ಟವರಿಗೂ ಇದು ಬೇಕು. ಪಂಪಿಗೆ ಪಾಲಿಪ್ರೊಪಿಲೀನ್ ಮೈಯ ಡಯಾಫ್ರಾಮ್ ಪಂಪೋ 316ರ ಗೇರ್ ಪಂಪೋ ಆದೀತು.

ತುಂಬಿದ ಮೇಲೆ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ತಳದ ವಾಲ್ವಿನಿಂದ ಒಂದು ಗಾಜಿನ ಬಾಟಲಿ ಹಿಡಿದು, ದಿನಾಂಕ ಬರೆದು, ಲೋಡು ಬಂದ ದಿನದ ಬಾಟಲಿಯ ಪಕ್ಕ ಬಿಳಿ ಕಾಗದದ ಮುಂದೆ ಇಟ್ಟು ನೋಡಿ. ಬಣ್ಣ ಒಂದು ಛಾಯೆ ಏರಿದ್ದರೂ ಕಬ್ಬಿಣದ ಅಂಶ ಪರೀಕ್ಷೆಗೆ ಕಳಿಸಿ. ಸ್ಟೀಲು ಟ್ಯಾಂಕಾದರೆ ಮ್ಯಾನ್‌ಹೋಲ್ ತೆರೆದು ಟಾರ್ಚು ಬಿಟ್ಟು ದ್ರವದ ಅಂಚಿನ ಮೇಲಿನ ಒಂದು ಅಡಿ ಪಟ್ಟಿಯನ್ನು ನೋಡಿ. ಬಿಳಿ ಬಟ್ಟೆಗೆ ಕಂದು ಚುಕ್ಕೆ ಅಂಟಿದ ಕಡೆ ಮೇಣದ ಪೆನ್ಸಿಲಿನಿಂದ ಸುತ್ತು ಹಾಕಿ, ಟ್ಯಾಂಕು ಖಾಲಿಯಾದ ದಿನ ಅಲ್ಲಿಂದಲೇ ಪಿಕ್ಲಿಂಗ್ ಶುರುಮಾಡಿಸಿ.